ವ್ಯಾನಿನ ಪೆಟ್ರೋಲ್ ಟ್ಯಾಂಕನ್ನು ಮನೆಯಲ್ಲೇ ಇಳಿಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ 2007ರ ಮಾದರಿಯ ಮಾರುತಿ ಓಮ್ನಿ ಇದೆ, ಎಂಪಿಎಫ್‌ಐ (ಪಂಪಿನ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಬಗೆಯ) ಎಂಜಿನ್. ಹಿಂದಿನ ಮಾಲೀಕರು ಗ್ಯಾಸ್ ಕಿಟ್ ಹಾಕಿಸಿದ್ದರು, ಆರ್‌.ಸಿ.ಯಲ್ಲೂ ಅದು ನಮೂದಾಗಿದೆ. ಹೆಚ್ಚಾಗಿ ಗ್ಯಾಸ್‌ನಲ್ಲೇ ಓಡಿಸುತ್ತೇವೆ. ಪೆಟ್ರೋಲ್ ಐದಾರು ಲೀಟರ್ ಮಾತ್ರ ಇರುತ್ತದೆ. ಈ ಮಳೆಗಾಲ ಕಳೆದ ಮೇಲೆ ಗಾಡಿ ನಿಲ್ಲಿಸುವ ಮಾಡಿನಲ್ಲಿ ಪೆಟ್ರೋಲ್ ವಾಸನೆ ಶುರುವಾಗಿದೆ. ಟ್ಯಾಂಕಿನ ಅಡಿ ಒದ್ದೆಯಾಗಿರುತ್ತದೆ. ಪೆಟ್ರೋಲ್‌ಗೆ ಬದಲಾಯಿಸಿದರೆ ಏರಿನಲ್ಲಿ ಎಂಜಿನ್ ಎಳೆಯದೆ ನಿಂತುಬಿಡುತ್ತದೆ. ಪೇಟೆಯ ಮೆಕ್ಯಾನಿಕ್ ಟ್ಯಾಂಕ್ ಇಳಿಸಬೇಕು, ಹತ್ತು ದಿನ ಗಾಡಿ ಬಿಟ್ಟುಹೋಗಿ ಎನ್ನುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಅದು ಸಾಧ್ಯವಿಲ್ಲ. ಡಿಪ್ಲೊಮಾ ಓದುತ್ತಿರುವ ನನ್ನ ಅಣ್ಣನ ಮಗ, ‘ಚಿಕ್ಕಪ್ಪ, ನಾಲ್ಕು ಬೋಲ್ಟ್ ಬಿಚ್ಚಿದರೆ ಟ್ಯಾಂಕ್ ಕೆಳಗೆ ಬರುತ್ತದೆ, ಅಂಗಳದಲ್ಲೇ ಇಳಿಸಿ, ನೀರಿನಲ್ಲಿ ತೊಳೆದು, ವೆಲ್ಡಿಂಗ್ ಅಂಗಡಿಗೆ ಒಯ್ಯೋಣ’ ಎನ್ನುತ್ತಾನೆ. ಟ್ಯಾಂಕ್ ಹೇಗೂ ಬಹುಪಾಲು ಖಾಲಿ, ಹಾಗಾಗಿ ಅಪಾಯ ಇರಲಾರದು ಎಂಬುದು ಅವನ ವಾದ. ಮನೆಯವರಿಗೆ ಭಯ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಆ ವ್ಯಾನನ್ನು ಮಾಡಿನಿಂದ ಹೊರಗೆ ತೆಗೆದು, ಮನೆಯಿಂದ ದೂರ, ಗಾಳಿಯಾಡುವ ಬಯಲಿನಲ್ಲಿ ನಿಲ್ಲಿಸಿ. ಎಂಜಿನ್ ಚಾಲೂ ಮಾಡಬೇಡಿ, ನಾಲ್ಕು ಜನ ಸೇರಿ ತಳ್ಳಿ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಪೆಟ್ರೋಲ್ ಜಿನುಗುವ ಗಾಡಿ ಮಾಡಿನೊಳಗೆ ಒಂದು ರಾತ್ರಿಯೂ ಇರಬಾರದು. ಅಡಿಕೆ ಬೇಯಿಸುವ ಕಾಲ ಇದು, ಅಂಗಳದ ಮೂಲೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಬಚ್ಚಲ ಹಂಡೆಯ ಒಲೆಯಲ್ಲಿ ಕೆಂಡ ಇಡೀ ದಿನ ಆರುವುದಿಲ್ಲ.

ನಿಮ್ಮ ಅಣ್ಣನ ಮಗ ಬೋಲ್ಟ್‌ಗಳ ಬಗ್ಗೆ ಹೇಳಿದ್ದು ಬಹುಮಟ್ಟಿಗೆ ಸರಿ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರಿಗೂ ಓಮ್ನಿಯ ಟ್ಯಾಂಕ್ ಇಳಿಸುವುದು ಕಷ್ಟದ ಕೆಲಸವಲ್ಲ. ಹಾಗಾಗಿ ಮನೆಯಲ್ಲಿ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅವನು ಹೇಳಿದ ಇನ್ನೆರಡು ಮಾತು, ಖಾಲಿ ಟ್ಯಾಂಕಿಗೆ ಅಪಾಯವಿಲ್ಲ ಎಂಬುದು ಮತ್ತು ನೀರಿನಲ್ಲಿ ತೊಳೆದು ವೆಲ್ಡಿಂಗಿಗೆ ಕೊಡಬಹುದು ಎಂಬುದು, ಪ್ರಾಣಕ್ಕೆ ಕುತ್ತು ತರುವ ಮಾತುಗಳು. ಗ್ಯಾರೇಜುಗಳಲ್ಲಿ ನಡೆಯುವ ಟ್ಯಾಂಕ್ ಅನಾಹುತಗಳು ಹೆಚ್ಚಾಗಿ ಆಗುವುದು ಟ್ಯಾಂಕ್ ಇಳಿಸಿದ ಮೇಲೆಯೇ.

ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲಿನಲ್ಲಿ ಕೇಳಬೇಕೇ? ಆ ಆವಿ ಗಾಳಿಯೊಡನೆ ಒಂದು ಹದದಲ್ಲಿ ಬೆರೆತರೆ ಮಾತ್ರ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಆವಿಯ ಪಾಲು ಸುಮಾರು ಶೇಕಡಾ 1.4ಕ್ಕಿಂತ ಕಡಿಮೆಯಿದ್ದರೆ ಬೆಂಕಿ ಹತ್ತದು. ಶೇಕಡಾ 7.6ಕ್ಕಿಂತ ಹೆಚ್ಚಿದ್ದರೂ ಹತ್ತದು, ಏಕೆಂದರೆ ಆಗ ಉರಿಯಲು ಬೇಕಾದ ಆಮ್ಲಜನಕ ಸಾಲುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲಿನ ಕಿರಿದಾದ ಜಾಗ ಆವಿಯಿಂದ ಎಷ್ಟು ಗಿಜಿಗುಡುತ್ತಿರುತ್ತದೆಂದರೆ, ಒಳಗೆ ಬೆಂಕಿ ಹೊಕ್ಕರೂ ಸಾಮಾನ್ಯವಾಗಿ ಉರಿಯಲು ಗಾಳಿ ಸಿಗುವುದಿಲ್ಲ. ಬರಿದು ಮಾಡಿದ ಟ್ಯಾಂಕಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಗೋಡೆಗೆ ಅಂಟಿದ ಪೆಟ್ರೋಲ್ ಮೆಲ್ಲಗೆ ಆವಿಯಾಗುತ್ತದೆ, ಮಿಶ್ರಣ ಸರಿಯಾಗಿ ಆ ಹದಕ್ಕೆ ಬಂದು ನಿಲ್ಲುತ್ತದೆ.

ಎಷ್ಟು ಪೆಟ್ರೋಲ್ ಉಳಿದಿದ್ದರೆ ಹೀಗಾಗುತ್ತದೆ? ಓಮ್ನಿಯ ಟ್ಯಾಂಕ್ ಹಿಡಿಯುವುದು ಸುಮಾರು 35 ಲೀಟರ್. ಒಂದು ಮಿಲಿಲೀಟರ್ ಪೆಟ್ರೋಲ್ ಆವಿಯಾದರೆ ಅಂದಾಜು ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಆವಿ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ, ಅಷ್ಟು ದೊಡ್ಡ ಡಬ್ಬಿಯ ಗಾಳಿಯನ್ನು ಸಿಡಿಯುವ ಹದಕ್ಕೆ ತರಲು ಟೀ ಚಮಚದಲ್ಲಿ ಅರ್ಧದಷ್ಟು ಪೆಟ್ರೋಲ್ ಸಾಕು. ಎರಡೂವರೆ ಚಮಚ ಆಗುವವರೆಗೂ ಅದು ಆ ಹದದಲ್ಲೇ ಇರುತ್ತದೆ. ಕೊನೆಯ ಹನಿಯವರೆಗೂ ಬಗ್ಗಿಸಿದ್ದೇವೆ ಎನ್ನುವ ಟ್ಯಾಂಕಿನಲ್ಲಿ ಅರ್ಧ ಚಮಚ ಇರುವುದಿಲ್ಲ ಎಂದು ಯಾರು ಹೇಳಬಲ್ಲರು?

ಟ್ಯಾಂಕಿನ ಒಳಗನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊರಗಿನಿಂದ ಅದೊಂದು ಚಪ್ಪಟೆ ತಗಡಿನ ಪೆಟ್ಟಿಗೆ. ಒಳಗೆ ಪೆಟ್ರೋಲ್ ತುಳುಕದಂತೆ ತಗಡಿನ ಅಡ್ಡಗೋಡೆಗಳಿರುತ್ತವೆ. ಮೇಲಿನ ಭಾಗ ಮತ್ತು ಕೆಳಗಿನ ಭಾಗ ಕೂಡುವ ಕಡೆ ಸುತ್ತಲೂ ಒಂದು ಮಡಿಕೆ. ಹಳೆಯ ಟ್ಯಾಂಕಾದರೆ ತಳದಲ್ಲಿ ತುಕ್ಕಿನ ಹಕ್ಕಳೆಗಳು ಪದರು ಪದರಾಗಿ ಎದ್ದಿರುತ್ತವೆ. ಒಂದು ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿದರೆ ಅದರ ಅಡಿಯಲ್ಲಿ ಕಂದು ಬಣ್ಣದ ಅಂಟು, ಆ ಅಂಟಿನಲ್ಲಿ ವರ್ಷಗಳ ಪೆಟ್ರೋಲ್. ನೀರು ಅಲ್ಲಿಗೆ ಹೋಗುವುದೇ ಇಲ್ಲ. ಬೆಳಿಗ್ಗೆ ಸೋಪಿನ ನೀರಿನಲ್ಲಿ ಎರಡು ಮೂರು ಸಲ ಕುಲುಕಿ ತೊಳೆದು, ಮೂಗಿಟ್ಟು ನೋಡಿದರೆ ಏನೂ ವಾಸನೆಯಿಲ್ಲ ಎನಿಸಿದ ಟ್ಯಾಂಕ್, ಮಧ್ಯಾಹ್ನದ ಬಿಸಿಲಿಗೆ ತಗಡು ಕಾದ ಕೂಡಲೇ ಮತ್ತೆ ಘಮ್ಮೆನ್ನುವುದನ್ನು ಗ್ಯಾರೇಜಿನಲ್ಲಿ ಪದೇ ಪದೇ ಕಂಡಿದ್ದೇನೆ. ಬಿಸಿಲೇ ಇಷ್ಟು ಮಾಡಿದರೆ ವೆಲ್ಡಿಂಗ್ ಜ್ವಾಲೆ ಏನು ಮಾಡೀತು? ತಗಡು ಕಾದಂತೆ ಹಕ್ಕಳೆಯ ಅಡಿಯ ಪೆಟ್ರೋಲ್ ಆವಿಯಾಗಿ ಹೊರಬರುತ್ತದೆ, ಹೊತ್ತಿಸಲು ಜ್ವಾಲೆ ಅಲ್ಲೇ ಇರುತ್ತದೆ.

ಆದ್ದರಿಂದ ಟ್ಯಾಂಕನ್ನು ಮನೆಯಲ್ಲಿ ತೊಳೆದು ಪರಿಚಯದ ವೆಲ್ಡಿಂಗ್ ಅಂಗಡಿಗೆ ಒಯ್ಯುವ ಯೋಚನೆಯನ್ನು ಪೂರ್ತಿಯಾಗಿ ಕೈಬಿಡಿ. ಗೇಟು, ಕಿಟಕಿ ಸರಳು ಬೆಸೆಯುವ ಅಂಗಡಿಯವರು ನಿಮ್ಮ ಮೇಲಿನ ವಿಶ್ವಾಸದಿಂದ ಒಪ್ಪಿಕೊಂಡಾರು. ಅವರ ಮುಖದ ಮುಂದೆ ಆ ಪೆಟ್ಟಿಗೆಯನ್ನು ಇಡುವ ಹಕ್ಕು ನಮಗಿಲ್ಲ. ನೀರು ತುಂಬಿಸಿ ವೆಲ್ಡ್ ಮಾಡುತ್ತಾರೆ, ಸೈಲೆನ್ಸರಿನ ಹೊಗೆ ತುಂಬಿಸಿ ಮಾಡುತ್ತಾರೆ ಎಂದು ಯಾರಾದರೂ ಹೇಳಬಹುದು. ನೀರು ತುಂಬಿದಾಗ ಗಾಳಿಯ ಜಾಗ ಕಡಿಮೆಯಾಗುವುದು ನಿಜ. ಆದರೆ ಅಡ್ಡಗೋಡೆಗಳ ಮೂಲೆಯಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಹೊರಗಿನಿಂದ ಕಾಣುವುದಿಲ್ಲ. ಸೈಲೆನ್ಸರಿನ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವವರಿಲ್ಲ. ಇದನ್ನು ಸರಿಯಾಗಿ ಮಾಡುವವರು ಟ್ಯಾಂಕಿಗೆ ಗಂಟೆಗಟ್ಟಲೆ ಹಬೆ ಹಾಯಿಸಿ, ಒಳಗಿನ ಗಾಳಿಯನ್ನು ಮೀಟರಿನಿಂದ ಪರೀಕ್ಷಿಸಿ, ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಬೆಸೆಯುತ್ತಾರೆ. ಆ ಸಲಕರಣೆ ಇಲ್ಲದ ಕಡೆ ಆ ಕೆಲಸ ಬೇಡ.

ಈಗ ನಿಮ್ಮ ಗಾಡಿಗೆ ಬರೋಣ. ಟ್ಯಾಂಕ್ ಇಳಿಸುವ ಅಗತ್ಯ ನಿಜವಾಗಿಯೂ ಇದೆಯೇ? ‘ಪೆಟ್ರೋಲ್ ಸೋರುತ್ತಿದೆ’ ಎಂದು ಬರುವ ಗಾಡಿಗಳಲ್ಲಿ ಟ್ಯಾಂಕೇ ತೂತಾಗಿರುವುದು ಕೆಲವು ಮಾತ್ರ. ಪೆಟ್ರೋಲ್ ತುಂಬಿಸುವ ಬಾಯಿಯಿಂದ ಟ್ಯಾಂಕಿಗೆ ಬರುವ ದಪ್ಪ ರಬ್ಬರ್ ಹೋಸ್, ಅದರ ಪಕ್ಕದ ಸಣ್ಣ ಗಾಳಿ ಹೋಸ್, ಎಂಜಿನ್ನಿಗೆ ಹೋಗುವ ಮತ್ತು ವಾಪಸ್ ಬರುವ ಹೋಸ್‌ಗಳು, ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ಫ್ಲೋಟ್ ಕೂರುವ ಜಾಗದ ಪ್ಯಾಕಿಂಗ್, ಇವು ಹೆಚ್ಚಾಗಿ ಕೈಕೊಡುವ ಜಾಗಗಳು. ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಜಿನುಗಿ ಆಮೇಲೆ ನಿಂತರೆ ತೊಂದರೆ ಮೇಲ್ಭಾಗದ ಹೋಸ್ ಅಥವಾ ಪ್ಯಾಕಿಂಗಿನಲ್ಲಿ. ನಿಮ್ಮ ಟ್ಯಾಂಕಿನಲ್ಲಿ ಇರುವುದೇ ಐದಾರು ಲೀಟರ್. ಅಷ್ಟು ಕೆಳಮಟ್ಟದಲ್ಲಿದ್ದೂ ಅಡಿ ಒದ್ದೆಯಾಗುತ್ತಿದೆ ಎಂದರೆ ನನ್ನ ಅನುಮಾನ ತಳದ ತುಕ್ಕಿನ ಮೇಲೆಯೇ. ಆದರೂ ಮೇಲೆ ಬಿರುಕು ಬಿಟ್ಟ ಹೋಸಿನಿಂದ ಹನಿ ಹರಿದು ತಳಕ್ಕೆ ಬಂದಿರಬಹುದು. ಹಗಲು ಬೆಳಕಿನಲ್ಲಿ ಟ್ಯಾಂಕಿನ ತಳವನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಅಡಿಗೆ ಹಳೆಯ ಪತ್ರಿಕೆ ಹಾಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಒದ್ದೆ ಮೊದಲು ಕಾಣಿಸಿಕೊಳ್ಳುವ ಜಾಗ ಯಾವುದು ಎಂಬುದೇ ಮುಖ್ಯ. ಹನಿ ಬಿದ್ದ ದಾರಿಯಲ್ಲಿ ಕೆಂಪು ಧೂಳು ತೊಳೆದುಹೋಗಿ ಗೆರೆ ಮೂಡಿರುತ್ತದೆ, ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಿ. ಸೋರಿಕೆ ಹೋಸಿನದ್ದಾದರೆ ಟ್ಯಾಂಕ್ ಮುಟ್ಟದೆ ಕೆಲಸ ಮುಗಿಯಬಹುದು. ಹೊಸ ಹೋಸ್ ಮತ್ತು ಕ್ಲ್ಯಾಂಪಿಗೆ ಆಗುವ ಖರ್ಚು ಅಲ್ಪ.

ಏರಿನಲ್ಲಿ ಎಂಜಿನ್ ನಿಲ್ಲುವುದಕ್ಕೆ ಎರಡು ಕಾರಣ ಹೇಳಬಲ್ಲೆ. ಒಂದು ತೀರಾ ಸರಳವಾದದ್ದು. ಅಗಲವಾದ ಚಪ್ಪಟೆ ಟ್ಯಾಂಕಿನಲ್ಲಿ ಐದು ಲೀಟರ್ ಪೆಟ್ರೋಲ್ ತೆಳುವಾಗಿ ಹರಡಿರುತ್ತದೆ. ಗಾಡಿ ಏರು ಹತ್ತುವಾಗ ಅದು ಒಂದು ಬದಿಗೆ ಸರಿದರೆ ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಇನ್ನೊಂದು, ತುಕ್ಕಿನ ಪುಡಿ ಪಂಪಿನ ಜಾಲರಿಗೆ ಮೆತ್ತಿಕೊಂಡಿರುವುದು. ಸೋರಿಕೆ ಇಲ್ಲದಿದ್ದರೆ ಹದಿನೈದು ಲೀಟರ್ ಹಾಕಿಸಿ ಏರು ಹತ್ತಿ ನೋಡಿ ಎನ್ನುತ್ತಿದ್ದೆ. ಈಗ ಹಾಗೆ ಹೇಳಲಾರೆ.

ಈ ತುಕ್ಕು ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ, ಇಲ್ಲದಿದ್ದರೆ ಹೊಸ ಟ್ಯಾಂಕಿಗೂ ಇದೇ ಗತಿ. ಗ್ಯಾಸ್‌ನಲ್ಲಿ ಓಡುವ ವ್ಯಾನುಗಳ ಪೆಟ್ರೋಲ್ ಟ್ಯಾಂಕೇ ಬೇಗ ಕೊಳೆಯುತ್ತದೆ. ಟ್ಯಾಂಕಿನ ಮುಕ್ಕಾಲು ಭಾಗ ಗಾಳಿ, ಆ ಗಾಳಿಯಲ್ಲಿ ಮಲೆನಾಡಿನ ಮಳೆಗಾಲದ ತೇವ. ಹಗಲು ತಗಡು ಬೆಚ್ಚಗಾಗಿ ಗಾಳಿ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ತೇವದ ಗಾಳಿ ಒಳಬಂದು ಗೋಡೆಯ ಮೇಲೆ ಬೆವರುತ್ತದೆ. ಆ ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ. ಇದರ ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗೆ ಪದರವಾಗಿ ಕೂರುತ್ತವೆ, ಪಂಪು ಮೊದಲು ಹೀರುವುದು ಅದನ್ನೇ. ದಿನವೂ ಓಡಿ ವಾರಕ್ಕೊಮ್ಮೆ ಹೊಸ ಪೆಟ್ರೋಲ್ ಹಾಕಿಸುವ ಗಾಡಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ತಿಂಗಳುಗಟ್ಟಲೆ ಅದೇ ಐದು ಲೀಟರ್ ಕುಳಿತಿರುವ ನಿಮ್ಮ ಗಾಡಿಗೆ ಇದು ವಿಷ. 2007ರಲ್ಲಿ ಹಾಕಿದ ರಬ್ಬರ್ ಹೋಸ್‌ಗಳೂ ಇಷ್ಟು ಎಥನಾಲ್ ಸಹಿಸಲೆಂದು ಮಾಡಿದವಲ್ಲ, ಅವು ಮೆತ್ತಗಾಗಿ ಬಿರುಕು ಬಿಡುತ್ತವೆ. ಹೊರಗಡೆ ಟ್ಯಾಂಕಿಗೂ ಅದನ್ನು ಹಿಡಿದಿಡುವ ಪಟ್ಟಿಗೂ ನಡುವೆ ಕೆಸರು ಕೂತು ಬೇಸಿಗೆಯವರೆಗೂ ಒದ್ದೆಯಾಗಿಯೇ ಇರುವುದರಿಂದ ಅಲ್ಲಿಯೂ ತಗಡು ಸವೆಯುತ್ತದೆ.

ತಳ ಕೊಳೆತಿರುವುದು ಖಚಿತವಾದರೆ ನಿಮ್ಮ ಮುಂದಿರುವ ದಾರಿಗಳು ಇವು. ಸ್ನಾನದ ಸೋಪನ್ನು ಸೋರುವ ಜಾಗಕ್ಕೆ ಒತ್ತಿ ಉಜ್ಜಿದರೆ ಹನಿ ನಿಲ್ಲುತ್ತದೆ. ಹಳೆಯ ಲಾರಿ ಚಾಲಕರಿಗೆಲ್ಲ ಗೊತ್ತಿದ್ದ ಉಪಾಯ ಇದು, ಸುಳ್ಳಲ್ಲ. ಪೆಟ್ರೋಲಿನಲ್ಲಿ ಸೋಪು ಕರಗುವುದಿಲ್ಲ. ಆದರೆ ನೀರು ತಾಗಿದರೆ ಹೋಯಿತು. ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವಷ್ಟು ಹೊತ್ತಿಗೆ ಮಾತ್ರ ಅದು. ಎರಡು ಬಣ್ಣದ ಗಟ್ಟಿ ಅಂಟನ್ನು ಕಲಸಿ ಮೆತ್ತುವವರಿದ್ದಾರೆ. ಜಿನುಗುತ್ತಿರುವ, ತುಕ್ಕು ಹಿಡಿದ ಮೇಲ್ಮೈಗೆ ಅದು ಕಚ್ಚುವುದಿಲ್ಲ, ಕಚ್ಚಿದಂತೆ ಕಂಡರೂ ಒಂದು ಗುಂಡಿ ಹಾರಿಸಿದಾಗ ಹಕ್ಕಳೆಯ ಸಮೇತ ಕಳಚಿ ಬೀಳುತ್ತದೆ. ಇಳಿಸಿ ಬೆಸುಗೆ ಹಾಕಿಸುವುದು ಇನ್ನೊಂದು ದಾರಿ. ಟ್ಯಾಂಕ್ ಮತ್ತು ರೇಡಿಯೇಟರ್ ಕೆಲಸವನ್ನೇ ವೃತ್ತಿಯಾಗಿ ಮಾಡುವ, ಹಬೆ ಹಾಯಿಸುವ ವ್ಯವಸ್ಥೆ ಇರುವವರ ಬಳಿ ಮಾತ್ರ ಅದು ಸಾಧ್ಯ. ಒಂದು ಕಲ್ಲು ತಾಗಿ ತೂತಾದ, ಉಳಿದಂತೆ ಗಟ್ಟಿಯಿರುವ ಟ್ಯಾಂಕಿಗೆ ಅದು ತಕ್ಕದ್ದು. ಒಳಗಿನಿಂದಲೇ ತುಕ್ಕು ತಿಂದ ತಗಡಿಗೆ ಒಂದು ಕಡೆ ಬೆಸೆದರೆ ಬರುವ ವರ್ಷ ಪಕ್ಕದಲ್ಲಿ ಜಿನುಗುತ್ತದೆ. ಒಳಗೆ ಲೇಪನ ಸುರಿದು ಸೀಲ್ ಮಾಡುವ ವಿಧಾನವೂ ಇದೆ, ಅದು ನಿಲ್ಲಬೇಕಾದರೆ ತುಕ್ಕನ್ನೆಲ್ಲ ಆಮ್ಲದಿಂದ ಬಿಡಿಸಬೇಕು, ಪಂಪಿನ ಜಾಗಕ್ಕೆ ಲೇಪನ ಹೋಗದಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಸರಿಯಾಗಿ ಆಗುವುದು ಕಷ್ಟ.

ನನ್ನ ಸಲಹೆ, ಬೇರೆ ಟ್ಯಾಂಕ್ ಹಾಕಿ. ಓಮ್ನಿ ತಯಾರಿ 2019ರಲ್ಲಿ ನಿಂತಿತಾದರೂ 1984ರಿಂದ ಓಡಿದ ಗಾಡಿ ಅದು, ಬಿಡಿಭಾಗಕ್ಕೆ ಇನ್ನೂ ಬರವಿಲ್ಲ. ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ವಿಚಾರಿಸಬಹುದು. ಹಳೆಯದನ್ನು ಕೊಳ್ಳುವಾಗ ಗೇಜ್ ಬಿಚ್ಚಿಸಿ, ಬ್ಯಾಟರಿ ಟಾರ್ಚ್ ಬೆಳಕಿನಲ್ಲಿ ಒಳಗಿನ ತಳ ನೋಡಿ. ತಗಡು ಮಂಕಾಗಿ ಬೂದು ಬಣ್ಣದಲ್ಲಿದ್ದರೆ ಅಡ್ಡಿಯಿಲ್ಲ. ಕಂದು ಹುಡಿ ಕಂಡರೆ ಬಿಟ್ಟುಬಿಡಿ. ಎಂಪಿಎಫ್‌ಐ ಗಾಡಿಯ ಟ್ಯಾಂಕೇ ಆಗಬೇಕು, ಕಾರ್ಬ್ಯುರೇಟರ್ ಗಾಡಿಯ ಟ್ಯಾಂಕಿನಲ್ಲಿ ಪಂಪು ಕೂರುವ ಜಾಗವಿರುವುದಿಲ್ಲ. ಟ್ಯಾಂಕ್ ಕೈಗೆ ಬಂದಮೇಲೆ ಮೆಕ್ಯಾನಿಕ್ಕಿಗೆ ಆ ಕೆಲಸ ಹತ್ತು ದಿನದ್ದಲ್ಲ. ಅವರು ಹತ್ತು ದಿನ ಕೇಳಿದ್ದು ಬಹುಶಃ ಟ್ಯಾಂಕ್ ತರಿಸಲು ಅಥವಾ ಬೆಸುಗೆಗೆ ಕಳಿಸಲು. ಹಾಗಾಗಿ ಟ್ಯಾಂಕನ್ನು ನೀವೇ ತರಿಸಿಟ್ಟುಕೊಂಡು, ಒಂದು ದಿನಕ್ಕೆ ಅವರನ್ನು ಗೊತ್ತುಮಾಡಿ. ಮನೆಗೇ ಬಂದು ಮಾಡಿಕೊಡುತ್ತೀರಾ ಎಂದು ಕೇಳಿ. ಚಿಕ್ಕ ಊರುಗಳ ಮೆಕ್ಯಾನಿಕ್ಕುಗಳು ಒಪ್ಪುವುದುಂಟು. ಅಣ್ಣನ ಮಗ ಜೊತೆಗಿದ್ದು ಕಲಿಯಲಿ. ಆ ಹುಡುಗನ ಉತ್ಸಾಹ ಒಳ್ಳೆಯದು, ಅದು ಹಾಳಾಗಬಾರದು.

ಇಷ್ಟಾದರೂ ನೀವೇ ಇಳಿಸಬೇಕಾದ ಸಂದರ್ಭ ಬಂದರೆ, ಹೇಗೆ ಎಂದು ತಿಳಿದಿರಲಿ.

ಜಾಗದ ಆಯ್ಕೆಯೇ ಅರ್ಧ ಕೆಲಸ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ನೀರಿನ ಹಾಗೆ ಇಳಿಜಾರಿಗೆ ಹರಿಯುತ್ತದೆ. ನಿಮ್ಮ ಅಂಗಳದ ಇಳಿಜಾರು ಯಾವ ಕಡೆಗಿದೆ? ಮಲೆನಾಡಿನ ಮನೆಗಳಲ್ಲಿ ಅಂಗಳದ ನೀರು ಹೆಚ್ಚಾಗಿ ಬಚ್ಚಲ ಪಕ್ಕದ ಚರಂಡಿಗೆ ಹೋಗುತ್ತದೆ. ಅದೇ ದಾರಿಯಲ್ಲಿ ಆವಿ ಹತ್ತಾರು ಅಡಿ ಹರಿದು ಹಂಡೆಯ ಒಲೆಯ ಬಾಯಿ ಮುಟ್ಟಬಲ್ಲದು. ಅಲ್ಲಿ ಹೊತ್ತಿಕೊಂಡರೆ ಬೆಂಕಿ ಬಂದ ದಾರಿಯಲ್ಲೇ ವ್ಯಾನಿನ ಕೆಳಗೆ ಮಲಗಿರುವ ಹುಡುಗನವರೆಗೆ ವಾಪಸ್ ಬರುತ್ತದೆ. ಅಂಗಳ ಬೇಡ. ಮನೆ, ಒಲೆ, ಬಾವಿ ಎಲ್ಲಕ್ಕಿಂತ ದೂರವಿರುವ, ಒಲೆಗಳಿಗಿಂತ ತಗ್ಗಿನಲ್ಲಿರುವ ಸಮತಟ್ಟಾದ ಗಟ್ಟಿ ನೆಲ ಬೇಕು. ಬಾವಿಯನ್ನು ಹೇಳಿದ್ದು ಬೇರೆ ಕಾರಣಕ್ಕೆ. ನೆಲಕ್ಕೆ ಚೆಲ್ಲಿದ ಪೆಟ್ರೋಲ್ ಮಣ್ಣಿನಲ್ಲಿ ಇಂಗಿ ಕುಡಿಯುವ ನೀರಿಗೆ ಸೇರಿದರೆ ವಾಸನೆ ಹೋಗಲು ಬಹಳ ಕಾಲ ಬೇಕು. ಗುಂಡಿ ತೋಡಿ ಅದರ ಮೇಲೆ ಗಾಡಿ ನಿಲ್ಲಿಸುವ ಯೋಚನೆಯೂ ಬೇಡ, ಆವಿಯೆಲ್ಲ ಗುಂಡಿಯಲ್ಲೇ ಮಡುಗಟ್ಟುತ್ತದೆ.

ಬೆಳಗಿನ ತಂಪು ಹೊತ್ತು ಒಳ್ಳೆಯದು. ಬೀಡಿ ಸಿಗರೇಟಿನ ಬಗ್ಗೆ ಹೇಳಬೇಕಾಗಿಲ್ಲ. ಜನ ಮರೆಯುವುದು ಬೇರೆಯದನ್ನು. ತಂತಿಯ ತುದಿಗೆ ಬಲ್ಬ್ ಕಟ್ಟಿ ಗಾಡಿಯ ಅಡಿಗೆ ಒಯ್ಯುತ್ತಾರೆ. ಒಂದು ಹನಿ ಪೆಟ್ರೋಲ್ ಬಿದ್ದು ಆ ಗಾಜು ಒಡೆದರೆ ಒಳಗಿನ ಕಾದ ತಂತಿಯೇ ಕಡ್ಡಿ ಗೀರಿದಂತೆ. ಡ್ರಿಲ್, ಗ್ರೈಂಡರ್ ಬೇಡ. ತುಕ್ಕು ಹಿಡಿದ ಬೋಲ್ಟನ್ನು ಕಾಯಿಸಿ ಸಡಿಲಿಸುವುದು ಬೇಡವೇ ಬೇಡ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಪಾಲಿಯೆಸ್ಟರ್ ಅಂಗಿ, ಸ್ವೆಟರ್ ಬಿಟ್ಟು ಹತ್ತಿ ಬಟ್ಟೆ ತೊಡಿ. ಒಣಹವೆಯಲ್ಲಿ ಮೈಮೇಲಿನ ಬಟ್ಟೆ ಚಟಪಟ ಎನ್ನುವ ಕಿಡಿಯೂ ಕಿಡಿಯೇ. ಪುಡಿ ಸಿಂಪಡಿಸುವ ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಮರಳು ಒಂದೆರಡು ಬುಟ್ಟಿ ಇದ್ದರೆ ಒಳ್ಳೆಯದು. ಒಬ್ಬರೇ ಮಾಡಬಾರದು.

ಗಾಡಿ ಎತ್ತಿ ನಿಲ್ಲಿಸುವಾಗ ಬೆಂಕಿಯಷ್ಟೇ ಗಂಭೀರವಾದ ಅಪಾಯ ಇನ್ನೊಂದಿದೆ. ಓಮ್ನಿ ಹಗುರ ಎನ್ನುತ್ತಾರೆ, ಸುಮಾರು 800 ಕೆ.ಜಿ. ತೂಗುತ್ತದೆ. ಜಾಕ್ ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಉಕ್ಕಿನ ಸ್ಟ್ಯಾಂಡ್‌ಗಳನ್ನು ಗ್ಯಾರೇಜಿನಿಂದ ಬಾಡಿಗೆಗಾದರೂ ತನ್ನಿ. ಜಂಬಿಟ್ಟಿಗೆ ಕಲ್ಲನ್ನೋ ಟೊಳ್ಳು ಸಿಮೆಂಟ್ ಇಟ್ಟಿಗೆಯನ್ನೋ ಅಡಿಗಿಡುವುದು ನಮ್ಮ ಕಡೆ ಸಾಮಾನ್ಯ. ಗೋಡೆಯಲ್ಲಿ ಸಾಲಾಗಿ ಭಾರ ಹೊರುವ ಆ ಕಲ್ಲು, ಒಂದು ಬಿಂದುವಿನಲ್ಲಿ ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಕೆಳಗಿರುವವರಿಗೆ ಜರುಗಲು ಸಮಯವಿರುವುದಿಲ್ಲ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಗಾಡಿಯನ್ನು ಬದಿಯಿಂದ ಗಟ್ಟಿಯಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಅಡಿಗೆ ಹೋಗಿ.

ನಿಮ್ಮದು ಎಂಪಿಎಫ್‌ಐ ಆದ್ದರಿಂದ ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಹೋಸ್ ಎಳೆದ ಕೂಡಲೇ ಮುಖಕ್ಕೆ ಚಿಮ್ಮಬಹುದು. ಸೋರಿಕೆ ಇಲ್ಲದ ಗಾಡಿಯಲ್ಲಾದರೆ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಆ ಒತ್ತಡ ಇಳಿಸುತ್ತೇವೆ. ನಿಮ್ಮದರಲ್ಲಿ ಹಾಗೆ ಮಾಡಬೇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಒತ್ತಡ ಬಹುಪಾಲು ಇಳಿದಿರುತ್ತದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿ, ಹೋಸಿನ ಕೀಲಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಮೆಲ್ಲಗೆ ಬಿಚ್ಚಿ. ಗ್ಯಾಸ್ ಪೈಪುಗಳನ್ನು ಮಾತ್ರ ಮುಟ್ಟಬೇಡಿ. ಅವು ಅಡ್ಡ ಬರುತ್ತವೆ ಎಂದಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಕಿಟ್ ಹಾಕುವವರನ್ನೇ ಕರೆಸಿ.

ಪೆಟ್ರೋಲ್ ಬಗ್ಗಿಸಲು ಪೈಪ್ ಇಟ್ಟು ಬಾಯಿಂದ ಎಳೆಯುವುದು ನಮ್ಮಲ್ಲಿ ಎಲ್ಲರೂ ಕಂಡ ದೃಶ್ಯ. ಒಂದು ಗುಟುಕು ಹೊಟ್ಟೆಗೆ ಹೋದರೆ ಉರಿ. ಶ್ವಾಸಕೋಶಕ್ಕೆ ಇಳಿದರೆ ಅದು ನ್ಯುಮೋನಿಯಾ ತರುತ್ತದೆ, ಆಸ್ಪತ್ರೆ ಸೇರಬೇಕಾಗುತ್ತದೆ. ಯಾರಾದರೂ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಹೋಗುವುದು. ನೇರ ವೈದ್ಯರಲ್ಲಿಗೆ ಒಯ್ಯಿರಿ. ಕೈಯಿಂದ ಹಿಂಡುವ ಸೈಫನ್ ಪಂಪ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಟ್ಯಾಂಕಿನ ತಳದಲ್ಲಿ ಬಗ್ಗಿಸುವ ಬೋಲ್ಟ್ ಇದ್ದರೂ ತುಕ್ಕು ತಿಂದ ತಳದಲ್ಲಿ ಅದನ್ನು ತಿರುಗಿಸಿದರೆ ಸುತ್ತಲಿನ ತಗಡೇ ಕಿತ್ತುಬರಬಹುದು. ಮೇಲಿನಿಂದಲೇ ತೆಗೆಯಿರಿ.

ಬಗ್ಗಿಸುವ ಡಬ್ಬ ಲೋಹದ್ದಿರಲಿ, ಬಿಗಿಯಾದ ಮುಚ್ಚಳವಿರಲಿ. ಪ್ಲಾಸ್ಟಿಕ್ ಕ್ಯಾನಿನೊಳಗೆ ಪೆಟ್ರೋಲ್ ಸುರಿಯುವಾಗ ಹುಟ್ಟುವ ವಿದ್ಯುತ್ ಹೋಗಲು ದಾರಿಯಿಲ್ಲದೆ ಕಿಡಿಯಾಗಬಹುದು. ಡಬ್ಬವನ್ನು ನೆಲದ ಮೇಲಿಟ್ಟು, ವ್ಯಾನಿನ ಬಾಡಿಗೂ ಡಬ್ಬಕ್ಕೂ ಒಂದು ತಾಮ್ರದ ತಂತಿ ಸಿಕ್ಕಿಸಿ, ಪೈಪಿನ ತುದಿ ಡಬ್ಬದ ತಳ ಮುಟ್ಟುವಂತೆ ಇಳಿಬಿಡಿ. ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಒಟ್ಟು 30 ಲೀಟರ್ ಮೀರದಂತೆ ಇಟ್ಟುಕೊಳ್ಳಬಹುದು, ಲೋಹದ ಪಾತ್ರೆಯಾದರೆ ಒಂದೊಂದು 25 ಲೀಟರಿಗಿಂತ ದೊಡ್ಡದಿರಬಾರದು. ನಿಮ್ಮ ಐದಾರು ಲೀಟರಿಗೆ ಕಾನೂನಿನ ತೊಡಕಿಲ್ಲ. ಆದರೆ ಆ ಡಬ್ಬವನ್ನು ಅಟ್ಟದ ಮೇಲೋ ಅಡುಗೆಮನೆಯ ಹಿಂದೆಯೋ ಇಡಬೇಡಿ.

ಇನ್ನು ಇಳಿಸುವುದು. ಟ್ಯಾಂಕಿನ ಅಡಿಗೆ ಅಗಲವಾದ ಹಲಗೆ ಕೊಟ್ಟು ಅದರಡಿ ಇನ್ನೊಂದು ಜಾಕ್ ಇಟ್ಟು ಭಾರ ಹಿಡಿದ ಮೇಲೆಯೇ ಬೋಲ್ಟ್‌ಗಳಿಗೆ ಕೈ ಹಾಕಬೇಕು. ಪೆಟ್ರೋಲ್ ತುಂಬಿಸುವ ಹೋಸ್ ಮತ್ತು ಗಾಳಿ ಹೋಸ್‌ಗಳನ್ನು ಮೊದಲೇ ಬಿಡಿಸಿರಿ. ಹಳೆಯ ಹೋಸ್ ಅಂಟಿಕೊಂಡಿದ್ದರೆ ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಎಳೆದಾಡಿದರೆ ತಗಡಿನ ನಳಿಕೆ ಬಾಗುತ್ತದೆ, ಹೋಸ್ ಹೇಗೂ ಹೊಸದು ಹಾಕಲೇಬೇಕು. ಬೋಲ್ಟ್ ಬಿಚ್ಚಿ ಒಂದು ಗೇಣಿನಷ್ಟು ಮಾತ್ರ ಇಳಿಸಿ ನಿಲ್ಲಿಸಿ. ಪಂಪಿನ ಮತ್ತು ಗೇಜಿನ ತಂತಿ, ಉಳಿದ ಸಣ್ಣ ಪೈಪುಗಳು ಟ್ಯಾಂಕಿನ ಮೇಲ್ಭಾಗದಲ್ಲಿರುತ್ತವೆ. ಅವಸರದಲ್ಲಿ ಪೂರ್ತಿ ಇಳಿಸಿದರೆ ಅವು ಹರಿಯುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಅದನ್ನು ಪೆಟ್ರೋಲ್ ಬಗ್ಗಿಸುವ ಮೊದಲೇ ಮಾಡಿ ಮುಗಿಸಿ. ಪ್ರತಿ ಪೈಪಿಗೆ ಬಣ್ಣದ ದಾರ ಕಟ್ಟಿದರೆ ಇನ್ನೂ ಒಳ್ಳೆಯದು. ಒಳಗೆ ಉಳಿದ ಪೆಟ್ರೋಲ್ ಒಂದು ಬದಿಗೆ ಸರಿದಾಗ ಟ್ಯಾಂಕ್ ವಾಲುತ್ತದೆ, ಇನ್ನೊಬ್ಬರು ಹಿಡಿದಿರಲಿ. ಪೆಟ್ರೋಲಿನಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಅಲ್ಪ ಪ್ರಮಾಣದಲ್ಲಿ ಇರುವುದರಿಂದ ಕೈಗವಸು ತೊಡಿ, ಪೆಟ್ರೋಲಿನಿಂದ ಕೈ ತೊಳೆಯುವ ಅಭ್ಯಾಸ ಬಿಡಿ.

ಇಳಿಸಿದ ಹಳೆಯ ಟ್ಯಾಂಕಿನ ಎಲ್ಲ ತೂತುಗಳಿಗೂ ಬಿರಡೆ ಹಾಕಿ, ನೆರಳಿನಲ್ಲಿ, ಮಕ್ಕಳಿಗೆ ಸಿಗದ ಬಯಲಿನಲ್ಲಿಡಿ. ಗುಜರಿಗೆ ಕೊಡುವಾಗ ಅದು ಪೆಟ್ರೋಲ್ ಟ್ಯಾಂಕ್ ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಅವರು ಅದನ್ನು ಕತ್ತರಿಸುವುದು ಗ್ಯಾಸ್ ಜ್ವಾಲೆಯಿಂದ. ಬಗ್ಗಿಸಿದ ಆ ಐದು ಲೀಟರನ್ನು ಹೊಸ ಟ್ಯಾಂಕಿಗೆ ಸುರಿಯಬೇಡಿ, ಅದರಲ್ಲಿ ನೀರೂ ತುಕ್ಕೂ ಇದೆ. ಚರಂಡಿಗೂ ಚೆಲ್ಲಬೇಡಿ, ಒಲೆ ಹಚ್ಚಲು ಅಂತೂ ಖಂಡಿತ ಬೇಡ. ಗ್ಯಾರೇಜಿನವರಿಗೆ ಕೊಟ್ಟುಬಿಡಿ.

ಹೊಸ ಟ್ಯಾಂಕ್ ಕೂರಿಸುವಾಗ ಎಥನಾಲ್ ತಾಳುವ ಹೋಸ್ ಎಂದೇ ಕೇಳಿ ತನ್ನಿ, ಕ್ಲ್ಯಾಂಪ್ ಮತ್ತು ಪ್ಯಾಕಿಂಗ್ ಹೊಸವೇ ಇರಲಿ. ಪಂಪಿನ ಜಾಲರಿಯನ್ನೂ ಬದಲಾಯಿಸಿ, ಪೆಟ್ರೋಲ್ ಫಿಲ್ಟರನ್ನೂ. ಟ್ಯಾಂಕ್ ಮತ್ತು ಪಟ್ಟಿಯ ನಡುವೆ ರಬ್ಬರ್ ಪಟ್ಟಿ ಹಾಕಿ. ಮೊದಲು ಐದು ಲೀಟರ್ ಹಾಕಿ, ಎಂಜಿನ್ ಚಾಲೂ ಮಾಡುವ ಮೊದಲೇ ಎಲ್ಲ ಕೀಲುಗಳನ್ನು ಒಣಬಟ್ಟೆಯಿಂದ ಮುಟ್ಟಿ ನೋಡಿ. ಆಮೇಲೆ ಪಂಪ್ ಓಡಿಸಿ ಇನ್ನೊಮ್ಮೆ ನೋಡಿ. ಸೋರದಿದ್ದರೆ ಬಂಕಿಗೆ ಹೋಗಿ ಅರ್ಧ ಟ್ಯಾಂಕಿಗೂ ಮೇಲೆ ಹಾಕಿಸಿ, ಮೇಲ್ಭಾಗದ ಹೋಸ್ ಪರೀಕ್ಷೆಗೆ ಒಳಪಡುವುದು ಆಗಲೇ. ಇನ್ನು ಮುಂದೆ ಗ್ಯಾಸ್‌ನಲ್ಲಿ ಓಡಿಸಿದರೂ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಬಿಡಬೇಡಿ, ವಾರಕ್ಕೊಂದು ದಿನವಾದರೂ ಪೆಟ್ರೋಲ್‌ನಲ್ಲಿ ಓಡಿಸಿ ಹಳೆಯದನ್ನು ಖರ್ಚು ಮಾಡಿ. ಕೆಲವು ಕಿಟ್‌ಗಳಲ್ಲಿ ಗ್ಯಾಸ್‌ನಲ್ಲಿ ಹೋಗುವಾಗಲೂ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುತ್ತದೆ. ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಆದ್ದರಿಂದ ಬರಿದಾದ ಟ್ಯಾಂಕಿನಲ್ಲಿ ಪಂಪ್ ಸುಟ್ಟುಹೋಗುತ್ತದೆ. ಒಂದು ವಾರ ಓಡಿಸಿದ ಮೇಲೆ ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಹೊಸ ರಬ್ಬರ್ ಸ್ವಲ್ಪ ಕೂತುಕೊಳ್ಳುವುದರಿಂದ ಅಲ್ಲಿ ಸಡಿಲವಾಗಿರುತ್ತದೆ.